ಗಂಡು ದನಿಯ ಲುಕೇರಿಯಾ

ವೋಲ್ಗಾ ದಡದ ನಮ್ಮೂರಿನ ಚರ್ಚು ಯುದ್ಧದ ಮೂರನೆಯ ವರ್ಷ ಮತ್ತೆ ತೆರೆಯಿತು. ಅಲ್ಲಿಯವರೆಗೆ ಸರ್ಕಾರ ಅದನ್ನು ಮುಚ್ಚಿಸಿ ಅಗಸೆ ನಾರಿನ ಗೋದಾಮು ಮಾಡಿತ್ತು. ನಾವು ಹೆಂಗಸರು ಎಷ್ಟು ಗುಡಿಸಿ ತೊಳೆದರೂ ನಾರಿನ ದೂಳು ಗೋಡೆಗಳಿಂದ ಉದುರುತ್ತಲೇ ಇತ್ತು. ಪಾದ್ರಿ ಎವ್ಲಾಂಪಿ ಧೂಪ ಬೀಸಿದಾಗಲೆಲ್ಲ ಯಾರಾದರೊಬ್ಬರು ಸೀನುತ್ತಿದ್ದರು.

ಪಾದ್ರಿಗಳಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಅವರಿಗಿದ್ದ ಕೊರಗು ಒಂದೇ. ನಮ್ಮ ಚರ್ಚುಗಳಲ್ಲಿ ವಾದ್ಯವಿಲ್ಲ, ಎಲ್ಲವೂ ಕಂಠದಿಂದಲೇ ನಡೆಯಬೇಕು. ಹಾಡುವ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರು, ಹಾಡಿಗೆ ತಳ ಹಿಡಿಯುವ ದಪ್ಪ ದನಿಯೇ ಉಳಿದಿರಲಿಲ್ಲ.

"ಗೋಡೆ ಇದೆ, ಸೂರಿದೆ, ಅಡಿಪಾಯನೇ ಇಲ್ಲ. ಹಾಗಿದೆ ನಿಮ್ಮ ಹಾಡು," ಎಂದರು ಒಂದು ಮಧ್ಯಾಹ್ನ.

"ಅಡಿಪಾಯ ಬೇಕಾದ್ರೆ ಲುಕೇರಿಯಾನ ಕರೀರಿ ಪಾದ್ರಿಗಳೇ," ಎಂದಳು ಹಾಲು ಕರೆಯುವ ಸ್ಟೆಪನೀದಾ. "ಅವಳು ಕೂಗಿದ್ರೆ ಟ್ರ್ಯಾಕ್ಟರೇ ಹೆದರಿ ಸುಮ್ಮನಾಗತ್ತೆ."

ಎಲ್ಲರೂ ನಕ್ಕೆವು. ಲುಕೇರಿಯಾ ನನ್ನ ಪಕ್ಕದ ಮನೆಯವಳು. ಮೊದಲೇ ಒರಟು ದನಿ. ಗಂಡ ಯುದ್ಧಕ್ಕೆ ಹೋದಮೇಲೆ ಟ್ರ್ಯಾಕ್ಟರು ಓಡಿಸಿ, ಸೀಮೆಎಣ್ಣೆ ಹೊಗೆ ಕುಡಿದು ಇನ್ನಷ್ಟು ದಪ್ಪವಾಗಿತ್ತು. ನಾಚಿಕೆಯಿಂದ ಪ್ರಾರ್ಥನೆಯಲ್ಲೂ ಬರಿ ತುಟಿಯಾಡಿಸುತ್ತಿದ್ದಳು. ಈಗ ಮುಖ ಕೆಂಪಾಗಿ ನಿಂತಳು.

ಪಾದ್ರಿಗಳು ನಗಲಿಲ್ಲ. "ಬಾಮ್ಮ ಇಲ್ಲಿ. 'ಕರ್ತನೇ ಕರುಣಿಸು' ಅಂತ ಒಂದ್ಸಲ ಹಾಡು."

"ಬೇಡಿ, ಜನ ನಗ್ತಾರೆ."

"ನಗೋರು ಆಗ್ಲೇ ನಕ್ಕಾಯ್ತಲ್ಲ."

ಅವಳು ಹಾಡಿದಳು. ಪಕ್ಕದಲ್ಲಿದ್ದ ನನ್ನ ಕಾಲಡಿಯ ಹಲಗೆ ಗುಂಯ್‌ಗುಟ್ಟಿತು. ಸ್ಟೆಪನೀದಾಳೇ ಮೊದಲು ಬಾಯಿಬಿಟ್ಟಳು: "ಅಲ್ಲ ಕಣೇ, ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

ಅಂದಿನಿಂದ ಪ್ರತಿ ಭಾನುವಾರ ಅವಳು ನಮ್ಮ ಸಾಲಿನ ಕೊನೆಯಲ್ಲಿ ನಿಲ್ಲತೊಡಗಿದಳು. ಪಾದ್ರಿಗಳಿಗೆ ಓದಲಾಗದ್ದರಿಂದ ರಣರಂಗದಲ್ಲಿದ್ದವರ ಹೆಸರುಗಳನ್ನು ನಾವೇ ಕೂಗಿ ಹೇಳುತ್ತಿದ್ದೆವು. ಒಂದೊಂದು ಹೆಸರಿಗೂ ಅವರು ಪ್ರಾರ್ಥಿಸುತ್ತಿದ್ದರು. ಲುಕೇರಿಯಾ "ಸವ್ವಾತಿ" ಎನ್ನುತ್ತಿದ್ದಳು. ಅದು ಅವಳ ಗಂಡನ ಹೆಸರು; ಅವನ ಸುದ್ದಿಯೇ ಇಲ್ಲದೆ ವರ್ಷ ಕಳೆದಿತ್ತು. ಹೆಸರು ಹೇಳಿ ಮತ್ತೆ ದನಿ ತೆಗೆಯುತ್ತಿದ್ದಳು. ಅಳುತ್ತಿದ್ದ ನಾವೆಲ್ಲ ಆ ದನಿಯನ್ನೇ ಹಿಡಿದುಕೊಂಡು ಹಾಡು ಮುಗಿಸುತ್ತಿದ್ದೆವು.

ಯುದ್ಧ ಮುಗಿದ ವರ್ಷ, ದೇವಮಾತೆಯ ಶರತ್ಕಾಲದ ಹಬ್ಬದ ದಿನ, ಮೊದಲ ಹಿಮ ಬಿದ್ದಿತ್ತು. ನಾವು ಹಾಡುತ್ತಿರುವಾಗ ಸೈನಿಕರ ಕೋಟು ತೊಟ್ಟವನೊಬ್ಬ ಕೋಲೂರಿಕೊಂಡು ಒಳಬಂದ. ಹುಬ್ಬು ಗಂಟಿಕ್ಕಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಮುಂದೆ ಬಂದ. ಹಾಡಿನ ದಪ್ಪ ದನಿ ದಾರಿಯವರೆಗೂ ಕೇಳಿ ಅವನಿಗೆ ರೇಗಿಹೋಗಿತ್ತಂತೆ. "ನಾವಲ್ಲಿ ಸಾಯ್ತಿರುವಾಗ ಇಷ್ಟು ಗಟ್ಟಿಮುಟ್ಟಾದ ಗಂಡಸು ಯಾವನು ಇಲ್ಲಿ ಬೆಚ್ಚಗೆ ಉಳ್ಕೊಂಡಿದ್ದು ಅಂತ ನೋಡೋಕೆ ಬಂದೆ," ಎಂದು ಆಮೇಲೆ ಹೇಳಿದ.

ಹಾಡುವವರ ಸಾಲಿನ ಕೊನೆಗೆ ಬಂದು ನಿಂತುಬಿಟ್ಟ. ಅವನು ಸವ್ವಾತಿ. ಗಾಯಗೊಂಡ ಅವನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುತ್ತಿದ್ದಾಗ ಅವನು ಮನೆಗೆ ಬರೆದ ಕಾಗದಗಳು ದಾರಿಯಲ್ಲೇ ಕಳೆದುಹೋಗಿದ್ದವು.

ಲುಕೇರಿಯಾ ಅವನನ್ನು ನೋಡಿದಳು, ಹಾಡು ನಿಲ್ಲಿಸಲಿಲ್ಲ. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ದನಿ ಒಮ್ಮೆ ಅಲುಗಿ ಮತ್ತೆ ನೆಲೆಗೆ ಬಂತು.

ಪೂಜೆ ಮುಗಿದಮೇಲೆ ಪಾದ್ರಿಗಳು, "ಇವತ್ತು ಲುಕೇರಿಯಾ ದನಿ ಯಾಕೆ ನಡುಗಿತು?" ಎಂದರು.

"ಅವಳ ಗಂಡ ಬಂದಿದಾನೆ," ಎಂದೆ.

ಪಾದ್ರಿಗಳು ತಡಕಾಡಿ ಅವನ ತಲೆ ಹುಡುಕಿ ಕೈಯಿಟ್ಟರು. "ನೀನೂ ಹಾಡೋಕೆ ನಿಂತ್ಕೋಪ್ಪ."

"ನನಗೆ ರಾಗ ಹತ್ತಲ್ಲ ಪಾದ್ರಿಗಳೇ," ಎಂದ ಸವ್ವಾತಿ, ಹೆಂಡತಿಯ ಕೈ ಬಿಡದೆ. "ಮನೇಲಿ ಒಬ್ಬ ಗಂಡಸು ಹಾಡಿದ್ರೆ ಸಾಲದಾ?"

ಅಂದು ಅವರಿಬ್ಬರಿಗೂ ನಮ್ಮಲ್ಲೇ ಊಟ: ಬೇಯಿಸಿದ ಆಲೂಗಡ್ಡೆ, ಉಪ್ಪು ಹಾಕಿದ ಅಣಬೆ. ಸವ್ವಾತಿ ಹೊಟ್ಟೆತುಂಬ ತಿಂದು ಬೆಂಚಿನ ಮೇಲೆಯೇ ನಿದ್ದೆಹೋದ. ಲುಕೇರಿಯಾ ಅವನ ಬೂಟು ಬಿಚ್ಚಿ ಒಲೆಯ ಪಕ್ಕ ಒಣಗಲಿಟ್ಟಳು.