ಪಾಟಿಯ ಮೇಲಿನ ರೈಟು

ಉಳವಪ್ಪ ಮಾಸ್ತರರು ಬಾಗಿ, ಶೇಖವ್ವನ ಪಾಟಿಯನ್ನು ಕೈಗೆತ್ತಿಕೊಂಡಾಗ ಎರಡನೆಯ ಇಯತ್ತೆಯ ಮಕ್ಕಳೆಲ್ಲ ಬಳಪ ಹಿಡಿದವರು ಹಿಡಿದಂತೆಯೇ ಕುಳಿತರು. ಮಾಸ್ತರರು ಸೀಮೆಸುಣ್ಣದಿಂದ ಪಾಟಿಯ ತುಂಬ ಒಂದು ದೊಡ್ಡ ರೈಟು ಹಾಕಿ, ಕಿಟಕಿಯ ಬದಿಗೆ ಕುರ್ಚಿಯಲ್ಲಿ ಕುಳಿತಿದ್ದ ಸಾಹೇಬರಿಗೆ ಅದನ್ನು ತೋರಿಸಿ, ಹುಡುಗಿಯ ಕೈಗೇ ಮರಳಿ ಕೊಟ್ಟರು. ಏಳು ವರ್ಷದ ಶೇಖವ್ವ ಅದನ್ನು ಎರಡೂ ಅಂಗೈಗಳ ಮೇಲೆ ತೆಗೆದುಕೊಂಡಳು. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಮಾರೆಪ್ಪ ಅವಳ ಮುಖವನ್ನು ನೋಡಿ ಕಣ್ಣು ಕೆಳಗೆ ಮಾಡಿದನು. ಆ ದಿನದ ವಿಚಾರಣೆ ನಡೆದಿದ್ದುದು ಅವನ ಮೇಲೆ.

ಹಿರೇಕೆರೂರು ತಾಲೂಕಿನ ಆ ಸಣ್ಣ ಊರಿನ ಶಾಲೆಗೆ ಇಬ್ಬರೇ ಶಿಕ್ಷಕರು. ಹೆಡ್ ಮಾಸ್ತರರಾದ ಉಳವಪ್ಪನವರದು ಮೊದಲೆರಡು ಇಯತ್ತೆ. ಮಾರೆಪ್ಪನದು ಮುಂದಿನ ಎರಡು. ಕೇರಿಯ ಮಕ್ಕಳು ಬಾಗಿಲ ಬದಿಗೆ ಕೂಡುತ್ತಿದ್ದರು. ಲೆಕ್ಕ ಮುಗಿದ ಮೇಲೆ ಊರ ಮಕ್ಕಳು ಪಾಟಿಯನ್ನು ಮಾಸ್ತರರ ಕೈಗೆ ಕೊಡಬೇಕು. ಕೇರಿಯ ಮಕ್ಕಳು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಮಾಸ್ತರರು ಬೆತ್ತದ ತುದಿಯಿಂದ ಪಾಟಿಯನ್ನು ತಮ್ಮತ್ತ ಎಳೆದು, ನೋಡಿ, ಹೂಂ ಎಂದೋ ಊಹೂಂ ಎಂದೋ ಹೇಳಿ, ಅದೇ ಬೆತ್ತದಿಂದ ತಿರುಗಿ ನೂಕುತ್ತಿದ್ದರು. ಅವರು ಈ ಶಾಲೆಗೆ ಬಂದ ಹನ್ನೊಂದು ವರ್ಷಗಳಲ್ಲಿ ಆ ಪಾಟಿಗಳಿಗೆ ಅವರ ಸೀಮೆಸುಣ್ಣ ತಾಗಿರಲಿಲ್ಲ. ಅವರನ್ನು ಕೆಟ್ಟವರೆಂದು ಊರಲ್ಲಿ ಯಾರೂ ಅಂದವರಿಲ್ಲ. ಆ ಬೆತ್ತದಿಂದ ಅವರು ಒಂದು ಮಗುವನ್ನೂ ಹೊಡೆದವರಲ್ಲ.

ಮಾರೆಪ್ಪ ಅಬಲೂರಿನ ಕಡೆಯವನು. ತನ್ನ ಕೇರಿಯಲ್ಲಿ ಕುರ್ಚಿಯ ನೌಕರಿ ಕಂಡ ಮೊದಲಿಗ. ಸೇರಿ ಒಂದೂವರೆ ವರ್ಷವಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯೊಳಗೆ ಅವನು ಈ ಪದ್ಧತಿಯನ್ನು ಕುರಿತು ಒಂದು ಮಾತನ್ನೂ ಆಡಿರಲಿಲ್ಲ. ಆಡಿದ್ದು ಹಂಸಭಾವಿಯಲ್ಲಿ, ಒಂದು ಭಾನುವಾರ. ಬುದ್ಧನ ಪಟವಿಟ್ಟು ಮಾರೆಪ್ಪನ ಜನ ಸೇರಿದ್ದ ಒಂದು ಸಭೆಯಲ್ಲಿ, ನಾಲ್ಕು ಮಾತು ಹೇಳೆಂದು ಅವನನ್ನು ಎಬ್ಬಿಸಿ ನಿಲ್ಲಿಸಿದ್ದರು. ಮಕ್ಕಳನ್ನು ಶಾಲೆ ಬಿಡಿಸಬೇಡಿರೆಂದು ಹೇಳುತ್ತಿರುವಾಗ, ಮಕ್ಕಳಿಗೆ ಅಲ್ಲಿ ಮನಸ್ಸು ಹತ್ತುವುದಿಲ್ಲ ಯಾಕೆ ಎಂದು ಒಬ್ಬ ತಂದೆ ಕೇಳಿದನು. ಮಾರೆಪ್ಪ ಬೆತ್ತದ ಸಂಗತಿಯನ್ನು ಇದ್ದದ್ದು ಇದ್ದಂತೆ ಹೇಳಿಬಿಟ್ಟನು. ಬುಧವಾರದ ಹೊತ್ತಿಗೆ ಆ ಮಾತು ಊರು ಮುಟ್ಟಿತು. ತಿಂಗಳೊಳಗೆ ನೋಟೀಸು ಬಂದಿತು. ಸರಕಾರಿ ನೌಕರನು ಅಪ್ಪಣೆಯಿಲ್ಲದೆ ಬಹಿರಂಗ ಸಭೆಯಲ್ಲಿ ಮಾತನಾಡಿ, ಇಲಾಖೆಯನ್ನೂ ಮೇಲಧಿಕಾರಿಯನ್ನೂ ನಿಂದಿಸಿದ್ದಾನೆ ಎಂದು ಅದರಲ್ಲಿತ್ತು.

ಇಲಾಖೆಯಿಂದ ವಿಚಾರಣೆಗೆ ಬಂದ ಪರಮೇಶಪ್ಪ ಸಾಹೇಬರು ಸಿಟ್ಟಿನ ಮನುಷ್ಯರಲ್ಲ. ಬೆಳಿಗ್ಗೆ ಹೆಡ್ ಮಾಸ್ತರರ ಮನೆಯಲ್ಲಿ ಚಹಾ ಕುಡಿದು ಬಂದವರು ಮಾರೆಪ್ಪನಿಗೆ ನಿಯಮವನ್ನು ಸಮಾಧಾನದಿಂದ ತಿಳಿಸಿದ್ದರು. ಹೇಳಿದ್ದು ಖರೆ ಎಂದು ಕಂಡುಬಂದರೆ, ಅಪ್ಪಣೆಯಿಲ್ಲದೆ ಹೇಳಿದ ತಪ್ಪಿಗೆ ಒಂದು ಎಚ್ಚರಿಕೆಯಲ್ಲಿ ಮುಗಿಸಬಹುದು. ಸುಳ್ಳೆಂದು ಕಂಡುಬಂದರೆ ಕಾಯಂ ಆಗದ ನೌಕರನನ್ನು ಇಟ್ಟುಕೊಳ್ಳುವಂತಿಲ್ಲ.

"ಆಯಿತವಾರ ನನಗ ಸೂಟಿ ಇತ್ರಿ, ಸಾಹೇಬ್ರ," ಎಂದಿದ್ದನು ಮಾರೆಪ್ಪ.

"ಸೂಟಿ ಸಾಲಿಗೆ ಇರತೈತಿ, ತಮ್ಮಾ. ಮಾಸ್ತರಕಿ ಮೈಮ್ಯಾಲಿನ ಅಂಗಿ ಅಲ್ಲ, ಕಳದು ಗೂಟಕ್ಕ ಹಾಕಾಕ." ತಮ್ಮ ಮಾತು ತಮಗೇ ಹಿಡಿಸಿ ಸಾಹೇಬರು ನಕ್ಕಿದ್ದರು, ಉಳವಪ್ಪ ಮಾಸ್ತರರೂ ನಕ್ಕಿದ್ದರು.

ಈಗ ಸಾಹೇಬರು ಶೇಖವ್ವನನ್ನು ಹತ್ತಿರ ಕರೆದು, ಮಾಸ್ತರರು ಪಾಟಿ ಮುಟ್ಟಿ ರೈಟು ಹಾಕುತ್ತಾರೆಯೇ ಎಂದು ಕೇಳಿದರು. ಹುಡುಗಿ ಹೌದೆಂದು ಗೋಣು ಹಾಕಿದಳು. ಕಾರಕೂನ ಹುಸೇನಸಾಬರು ತಮ್ಮ ದುಂಡನೆಯ ಅಕ್ಷರಗಳಲ್ಲಿ ಅದನ್ನು ಬರೆದುಕೊಂಡರು. ಬಾಗಿಲ ಬದಿಯ ಉಳಿದ ಐದು ಮಕ್ಕಳೂ ಒಬ್ಬರ ಹಿಂದೊಬ್ಬರು ಹಾಗೆಯೇ ಗೋಣು ಹಾಕಿದರು. ಆ ದಿನ ಎಲ್ಲರ ಪಾಟಿಯ ಮೇಲೂ ರೈಟಿತ್ತು. ಸಾಹೇಬರ ಮುಂದೆ ಹೌದೆಂದವರಿಗೆ ಇನ್ನು ದಿನವೂ ರೈಟು ಎಂದು ಮಾಸ್ತರರು ಪ್ರಾರ್ಥನೆಗೆ ಮುಂಚೆ ಹೇಳಿದ್ದನ್ನು ಮಾರೆಪ್ಪನೂ ಕೇಳಿದ್ದನು; ಆದರೆ ಅದಕ್ಕೆ ಬೇರೆ ಸಾಕ್ಷಿ ಇರಲಿಲ್ಲ.

"ಸಾಕ್ಷಿಗೆ ನೀವೂ ಪ್ರಶ್ನೆ ಕೇಳಬಹುದು. ನಿಯಮ ಐತಿ," ಎಂದರು ಸಾಹೇಬರು. "ಹಂಸಭಾವ್ಯಾಗ ಭಾಷಣ ಭಾಳ ಛಲೋ ಆತಂತ. ಇಲ್ಲೆ ಯಾಕ ನಾಲಿಗಿ ಒಣಗೇತಿ?"

ಮಾರೆಪ್ಪ ಬಂದು ಶೇಖವ್ವನ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತನು.

"ಶೇಖವ್ವಾ, ನಿನ್ನೆ ಹಾಕಿದ್ರೇನವಾ ರೈಟು?"

ಅವಳು ಅವನ ಕಡೆ ನೋಡಲಿಲ್ಲ. ಪಾಟಿಯನ್ನು ನೋಡಿದಳು, ಮಾಸ್ತರರನ್ನು ನೋಡಿದಳು.

"ಹಾಕಿದ್ರರಿ."

"ಮೊನ್ನೆ?"

"ದಿನಾ ಹಾಕತಾರ್ರಿ."

ಹುಡುಗಿಯ ಧ್ವನಿಯಲ್ಲಿ ಅಳುಕಿರಲಿಲ್ಲ. ಬೇಡಿದರೂ ಸಿಗದ ವಸ್ತುವೊಂದನ್ನು ಅವಳು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು. ಮಾರೆಪ್ಪನ ಕಣ್ಣು ಆಗ ಪಾಟಿಯ ಮೇಲೆ ಬಿತ್ತು. ಇಪ್ಪತ್ತೇಳು, ಅದರ ಕೆಳಗೆ ಹದಿನೈದು, ಗೆರೆಯ ಕೆಳಗೆ ಮೂವತ್ತೆರಡು. ಕೂಡಿಸುವಾಗ ದಶಕ ಬಿಟ್ಟುಹೋಗಿತ್ತು. ಆ ತಪ್ಪಿನ ಮೇಲೆಯೇ ರೈಟು ಬೆಳ್ಳಗೆ ಹಾಯ್ದಿತ್ತು.

ಲೆಕ್ಕ ತಪ್ಪೆಂದು ಹೇಳಿದರೆ ನೌಕರಿ ಉಳಿದೀತು. ಆದರೆ ಈ ಕೂಸಿನ ಮುಖದ ಎದುರಿಗೇ ಹೇಳಬೇಕಾಗಿತ್ತು. ಕೊನೆಗೆ ಎದ್ದುನಿಂತು ಹೇಳಿದನು.

"ಸಾಹೇಬ್ರ, ಈ ಲೆಕ್ಕ ತಪ್ಪೈತ್ರಿ. ನಲವತ್ತೆರಡು ಬರಬೇಕು. ದಿನಾ ಪಾಟಿ ಕೈಯಾಗ ಹಿಡದು ನೋಡಾವ್ರು ಇದಕ್ಕ ರೈಟು ಹಾಕತಿದ್ದಿಲ್ಲರಿ. ಇವತ್ತ ಅವರು ಲೆಕ್ಕ ನೋಡಿಲ್ಲರಿ, ನಿಮಗ ತೋರಸಾಕ ರೈಟು ಹಾಕ್ಯಾರ."

ಸಾಹೇಬರು ಪಾಟಿಯನ್ನು ತರಿಸಿ ಬೆರಳಿನಿಂದ ಅಂಕಿಗಳನ್ನು ಎಣಿಸಿದರು. ಉಳವಪ್ಪ ಮಾಸ್ತರರ ಕಿವಿ ಕೆಂಪಾದವು. ಸಾಹೇಬರು ಪಾಟಿಯನ್ನು ಹುಡುಗಿಗೆ ತಿರುಗಿ ಕೊಟ್ಟು ಕಾರಕೂನರಿಗೆ ಸೂಚನೆ ಮಾಡಿದರು.

"ಬರಕೋರಿ. ಲೆಕ್ಕ ತಪ್ಪಿದ್ದಾಗ್ಯೂ ಹೆಡ್ ಮಾಸ್ತರರು ರೈಟು ಹಾಕಿರುವುದನ್ನು ಕಂಡೆನು. ಸದರಿ ಮಕ್ಕಳ ಮೇಲೆ ಅವರಿಗಿರುವ ವಿಶೇಷ ಮಮತೆ ಇದರಿಂದ ಸಿದ್ಧವಾಗುತ್ತದೆ."

ಹುಸೇನಸಾಬರ ಲೇಖನಿ 'ಮಮತೆ' ಎಂಬಲ್ಲಿ ತುಸು ನಿಂತಿತು. ಅವರು ಮಾರೆಪ್ಪನನ್ನು ಒಮ್ಮೆ ನೋಡಿದರು, ಮತ್ತೆ ಬರೆದರು.

"ಕೂಸಿನ ಲೆಕ್ಕ ತಪ್ಪಂತ ಎಲ್ಲಾರ ಮುಂದ ಹೇಳಿದ್ರಿ. ಏನು ಬಂತು?" ಎಂದರು ಸಾಹೇಬರು. ನಿಜವಾಗಿಯೂ ನೊಂದವರಂತೆ ಇತ್ತು ಅವರ ಮುಖ. "ನಿಮ್ಮ ಮಂದಿ ಹುಡುಗಿನೇ ಅಲ್ಲೇನ್ರಿ ಅದು?"

ಉಳವಪ್ಪ ಮಾಸ್ತರರು ಊಟಕ್ಕೆ ಹೊತ್ತಾಯಿತೆಂದು ನೆನಪು ಮಾಡಿದರು. ಅವನ ಮಾತು ಸುಳ್ಳೆಂದು ಬರೆದ ಕಾಗದದಲ್ಲಿ, ಕಾರಕೂನರು ತೋರಿಸಿದ ಮೂರು ಕಡೆ, ಮಾರೆಪ್ಪ ಸಹಿ ಮಾಡಿದನು. ಹುಸೇನಸಾಬರು ಹೀರುಕಾಗದವನ್ನು ಒತ್ತಿದರು. ಅವರೆಲ್ಲ ಹೊರಟುಹೋದ ಮೇಲೆ ಮಕ್ಕಳನ್ನು ಬಿಟ್ಟಾಯಿತು.

ಶೇಖವ್ವ ಬಾಗಿಲಲ್ಲಿಯೇ ನಿಂತಿದ್ದಳು. ದಶಕವನ್ನು ಹೇಗೆ ಹಿಡಿಯಬೇಕೆಂದು ತೋರಿಸಿ ಕೊಡೋಣವೆಂದು ಮಾರೆಪ್ಪ ಬಳಿಗೆ ಹೋಗಿ ಪಾಟಿಗೆ ಕೈ ನೀಡಿದನು. ಹುಡುಗಿ ಬೆಚ್ಚಿ ಹಿಂದೆ ಸರಿದಳು.

"ಬ್ಯಾಡ್ರಿ. ನೀವು ಅಳಸತೀರಿ."

ಪಾಟಿಯನ್ನು ಎದೆಗೆ ಅವುಚಿಕೊಂಡು, ಎರಡೂ ತೋಳುಗಳಿಂದ ಬಿಗಿಯಾಗಿ ಒತ್ತಿ ಹಿಡಿದು, ಅವಳು ಕೇರಿಯ ದಾರಿಯಲ್ಲಿ ಓಡಿದಳು. ಮಾರೆಪ್ಪ ಮೆಟ್ಟಿಲ ಮೇಲೆ ನಿಂತು ನೋಡಿದನು. ಬೇವಿನ ಗಿಡದ ತಿರುವಿಗೆ ಅವಳು ನಿಂತು, ತೋಳು ಸಡಿಲಿಸಿ, ಪಾಟಿಯನ್ನು ಮುಂದೆ ಹಿಡಿದು ನೋಡಿಕೊಂಡಳು. ಬಳಿಕ ತಲೆ ಬಗ್ಗಿಸಿ ತನ್ನ ಪೋಲಕವನ್ನು ನೋಡಿಕೊಂಡಳು. ಹಸಿರು ಬಟ್ಟೆಯ ಮೇಲೆ, ಎದೆಗೆ ಅಡ್ಡವಾಗಿ, ರೈಟಿನ ಸುಣ್ಣದ ಹುಡಿ ಹತ್ತಿತ್ತು. ಅದು ಉದುರದಂತೆ ಅವಳು ಅಲ್ಲಿಂದ ಮುಂದೆ ಮೆಲ್ಲಗೆ ನಡೆದು ಹೋದಳು.