ಕಣದ ಮೇಲಿನ ಶ್ರೀ

ಹಂಪಕ್ಕನಿಗೆ ಬರೆಯಲು ಬರುತ್ತಿದ್ದುದು ಒಂದೇ ಅಕ್ಷರ. ಅದನ್ನೂ ಆಕೆ ವರ್ಷಕ್ಕೊಮ್ಮೆ ಮಾತ್ರ ಬರೆಯುತ್ತಿದ್ದಳು. ಎಮ್ಮಿಗನೂರಿನ ಕಣದಲ್ಲಿ ಭತ್ತದ ರಾಶಿ ಏರಿ ನಿಂತ ದಿನ, ಸುತ್ತಲೂ ಬೂದಿಯ ಗೆರೆ ಎಳೆದು, ರಾಶಿಯ ಮುಂದೆ ಸಗಣಿ ಸಾರಿಸಿದ ನೆಲದ ಮೇಲೆ ಮೊರದಗಲದ ಒಂದು ಶ್ರೀ. ಸೋಸಿದ ಬೂದಿ ಆಕೆಯ ಬೆರಳ ಸಂದಿನಿಂದ ಸಣ್ಣಗೆ, ಸದ್ದಿಲ್ಲದೆ ಇಳಿಯುತ್ತಿತ್ತು. ಪೂಜೆ ಮುಗಿದು, ಕಾಯಿ ಒಡೆದು, ಚೀಲ ತುಂಬುವವರು ಓಡಾಡತೊಡಗಿದ ಮೇಲೆ ಆ ಅಕ್ಷರ ನಾಲ್ಕು ಮಂದಿಯ ಅಂಗಾಲಿಗೆ ಹತ್ತಿ ನಾಲ್ಕು ದಿಕ್ಕಿಗೆ ಹೋಗಿಬಿಡುತ್ತಿತ್ತು. ಉಳಿದಂತೆ ಪಡಿತರ ಚೀಟಿಗೂ, ಹೊಲದ ಕಾಗದಕ್ಕೂ, ಮಗಳ ಶಾಲೆಯ ಪುಸ್ತಕಕ್ಕೂ ಆಕೆ ಒತ್ತಿದ್ದು ಹೆಬ್ಬೆಟ್ಟನ್ನೇ.

ಆಕೆ ಶಿವನ ಪಾದ ಸೇರಿ ಹತ್ತೊಂಬತ್ತು ವರ್ಷವಾಯಿತು. ಕಣಗಳೂ ಹೋದವು. ಈಗ ಕೊಯ್ಲಿನ ಮಷೀನು ಗದ್ದೆಯಲ್ಲೇ ಭತ್ತವನ್ನು ಟ್ರ್ಯಾಕ್ಟರಿಗೆ ಸುರಿಯುತ್ತದೆ. ರಾಶಿ ಎಂಬುದನ್ನು ನೆಲ ಕಾಣುವುದೇ ಇಲ್ಲ.

ಮಗಳು ಕೊಟ್ರಬಸಮ್ಮನಿಗೆ ಐವತ್ತಾರು. ಕಂಪ್ಲಿಯಲ್ಲಿ ಗಂಡನದೊಂದು ಸಣ್ಣ ಅಕ್ಕಿ ಗಿರಣಿ. ಎರಡು ವರ್ಷದ ಹಿಂದೆ ಒಂದು ಭಾನುವಾರ ಏನೋ ಕೆಲಸಕ್ಕೆಂದು ಹೊಸಪೇಟೆಗೆ ಹೋದವಳು, ಮಳೆ ಬಂತೆಂದು ಒಂದು ಶಾಲೆಯ ಜಗುಲಿ ಹತ್ತಿ ನಿಂತಳು. ಒಳಗೆ ಹತ್ತು ಹನ್ನೆರಡು ಜನ ಬಗ್ಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಓರೆಯಾಗಿ ಕೊಯ್ದ ಬಿದಿರಿನ ಲೇಖನಿ. ಮಾತಿಲ್ಲ, ಕತೆಯಿಲ್ಲ. ಜಪಕ್ಕೆ ಕೂತವರಂತೆ ಎಲ್ಲರೂ ಒಂದೇ ‘ಅ’ವನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಬಾಗಿಲಲ್ಲಿ ನಿಂತವಳನ್ನು ಕಂಡು ತಲೆ ನೆರೆತ ಒಬ್ಬರು ಪಕ್ಕದ ಬೆಂಚು ತೋರಿಸಿದರು.

“ಬರ್ರೆಮ್ಮಾ, ಕುಂದ್ರಿ. ಮಳಿ ನಿಲ್ಲೋತನಕ ಒಂದು ಅಕ್ಷರ ಬರೀರಿ.”

ಅವರು ಗೋಪೀನಾಥರು. ದೋಣಿಮಲೈ ಗಣಿಯ ನಕ್ಷೆ ವಿಭಾಗದಲ್ಲಿ ಮೂವತ್ತು ವರ್ಷ ಗುಡ್ಡದ ಗೆರೆ ಎಳೆದು, ಅದರ ಮೇಲೆ ಕೈಯಿಂದಲೇ ಹೆಸರು ಬರೆದವರು. ನಿವೃತ್ತಿಯಾದ ಮೇಲೆ ತಿಂಗಳಿಗೆ ಎರಡು ಭಾನುವಾರ ಈ ಕೂಟ ನಡೆಸುತ್ತಿದ್ದರು. ಅದಕ್ಕೆ ‘ಲೇಖನಿ ಬಳಗ’ ಎಂದು ಹೆಸರು. ಅಂದು ಮಳೆ ನಿಂತರೂ ಕೊಟ್ರಬಸಮ್ಮ ಏಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಕಂಪ್ಲಿಯ ಬೆಳಗಿನ ಬಸ್ಸು ತಪ್ಪಿಸಿಕೊಂಡಿಲ್ಲ.

ಕಳೆದ ಕಾರ್ತೀಕದಲ್ಲಿ ಗೋಪೀನಾಥರು ಒಂದು ಮಾತು ಹೇಳಿದರು. ಮುಂದಿನ ಸಲ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರು ಬರೆದ ಒಂದು ಅಕ್ಷರವನ್ನು ತರಬೇಕು, ಅದನ್ನು ನೋಡಿ ಆ ಕೈಯನ್ನು ಕಲಿಯಬೇಕು. ಬ್ಯಾಂಕಿನ ಶುಭಾ ಅಜ್ಜನ ಕಾಗದ ತಂದಳು. ಸಂಡೂರಿನಲ್ಲಿ ಅದಿರು ಲಾರಿಗಳಿಗೆ ನಂಬರು ಬರೆಯುವ ಯಲ್ಲೇಶ್, ಅಪ್ಪ ಬಣ್ಣ ಬಳಿದಿದ್ದ ಹಳೆಯ ತಗಡೊಂದನ್ನು ಬಗಲಲ್ಲಿ ಹಿಡಿದು ಬಂದ. ಕೊಟ್ರಬಸಮ್ಮ ಬರಿಗೈಯಲ್ಲಿ ಬಂದಳು.

“ನಮ್ಮವ್ವಗ ಬರ್ತಿದ್ದದ್ದು ಒಂದಽ ಅಕ್ಷರ ಸರ್. ಅದನ್ನ ನೆಲದ ಮ್ಯಾಗ ಬೂದಿಲೆ ಬರೀತಿದ್ಲು. ಎಲ್ಲಿಂದ ತರ್ಲಿ?”

ಗೋಪೀನಾಥರು ಕನ್ನಡಕ ತೆಗೆದು ಒರೆಸಿಕೊಂಡರು.

“ನೀವು ನೋಡೀರಲ್ಲ?”

“ಭಾಳ ಸಲ ನೋಡೀನ್ರಿ. ಸಣ್ಣಾಕಿ ಇದ್ದಾಗ.”

“ಹಂಗಾದ್ರೆ ನಿಮ್ಮ ಕಣ್ಣಾಗ ಅದ. ತಗೀರಿ.”

ಅಂದಿನಿಂದ ಆಕೆಗೆ ಅದೊಂದೇ ಹಂಬಲ. ಅವ್ವನ ಫೋಟೊ ಇತ್ತು, ಸೀರೆ ಇತ್ತು, ಮೂಗುಬಟ್ಟಿತ್ತು. ಆದರೆ ಅವ್ವನ ಕೈ ಎಲ್ಲೂ ಇರಲಿಲ್ಲ. ಆ ಶ್ರೀ ಒಮ್ಮೆ ಕಾಗದದ ಮೇಲೆ ಬಂದರೆ ಅವ್ವನ ಕೈಯನ್ನೇ ಹಿಡಿದಂತೆ ಎಂದು ಆಕೆಗೆ ಅನಿಸಿಬಿಟ್ಟಿತು. ಬೆಳಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿಯ ಕೈಯಲ್ಲೇ ಲೇಖನಿ ಹಿಡಿಯುತ್ತಿದ್ದಳು. ಹಾಳೆಗಳು ತುಂಬಿದವು. ಬಂದದ್ದು ಸರಿಯೋ ತಪ್ಪೋ ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಮೆಟ್ರಿಯಲ್ಲಿದ್ದ ಅವ್ವನ ತಮ್ಮ, ಸೋದರಮಾವ ಮರುಳಸಿದ್ದಪ್ಪ. ಪ್ರತಿ ವರ್ಷ ರಾಶಿ ಪೂಜೆಗೆ ತವರಿನ ಕಾಯಿ ತೆಗೆದುಕೊಂಡು ಎಮ್ಮಿಗನೂರಿಗೆ ಬರುತ್ತಿದ್ದವರು ಅವರೇ.

ಮೊದಲ ಹಾಳೆಯನ್ನು ಅವರು ತೋಳುದ್ದ ದೂರ ಹಿಡಿದು ನೋಡಿದರು.

“ಛಲೋ ಐತಿ. ಕ್ಯಾಲೆಂಡರಿಗೆ ಹಾಕಬೌದು. ಆದ್ರ ನಿಮ್ಮವ್ವಂದಲ್ಲ.”

“ಏನು ತಪ್ಪೈತಿ ಮಾವ?”

“ತಪ್ಪಽ ಇಲ್ಲ. ಅದಽ ತಪ್ಪು.”

ಸಂಕ್ರಾಂತಿಗೆ ಹತ್ತು ಹಾಳೆ ಒಯ್ದಳು. ಅವರು ಒಂದೊಂದನ್ನೇ ನೋಡಿ ಪಕ್ಕಕ್ಕಿಟ್ಟರು.

“ಹೆಣ್ಣು ನೋಡಾಕ ಬಂದೋರಂಗ ನೋಡ್ತೀಯಲ್ಲ ಮಾವ.”

“ಹೆಣ್ಣಾಗಿದ್ರ ಇಷ್ಟೊತ್ತಿಗೆ ಒಪ್ಪಿ ಉಪ್ಪಿಟ್ಟು ತಿಂದಿರ್ತಿದ್ದೆ.” ಮಾವನ ಸೊಸೆ ತ್ರಿವೇಣಿ ಒಳಗಿನಿಂದ ನಕ್ಕಳು. ಮುದುಕ ನಗಲಿಲ್ಲ. “ಅಕಿದು ಕುಂತಂಗ ಇತ್ತು ಬಸವ್ವ. ನಿಂದು ಬಸ್ ತಪ್ಪತೈತಿ ಅಂತ ಓಡಾಕತ್ತೈತಿ.”

“ಕುಂತಂಗ ಅಂದ್ರ ಹೆಂಗ? ಬಿಡಿಸಿ ಹೇಳು.”

ಮಾವ ಬೇವಿನ ಮರದ ಕಡೆ ಮುಖ ತಿರುಗಿಸಿದರು. “ಅದಕಿಂತ ಹೆಚ್ಚು ನನ್ನ ಕೇಳಬ್ಯಾಡವಾ.”

ಯಾಕೆ ಕೇಳಬಾರದು ಎಂದು ಆಕೆಗೆ ತಿಳಿಯಲಿಲ್ಲ. ಶಿವರಾತ್ರಿಗೆ ಹೋದಳು, ಯುಗಾದಿಗೆ ಹೋದಳು. ಅಕ್ಷರವನ್ನು ದಪ್ಪ ಮಾಡಿದಳು, ಗಿಡ್ಡ ಮಾಡಿದಳು, ಒತ್ತಿನ ಬಾಲವನ್ನು ಉದ್ದ ಎಳೆದಳು. ಪ್ರತಿ ಸಲವೂ ಮಾವ ಹಾಳೆಯನ್ನು ಮರಳಿ ಕೊಡುತ್ತಿದ್ದರು. ಕಂಪ್ಲಿಯ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಾಚೆ ನೀರು ನಿಂತ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಆಕೆ ಸೆರಗಿನ ಮೇಲೆ ಬೆರಳಿನಿಂದ ಶ್ರೀ ತಿದ್ದುತ್ತ ಕೂತಿರುತ್ತಿದ್ದಳು.

ಆಷಾಢದ ಒಂದು ಭಾನುವಾರ ಬಳಗದವರೆಲ್ಲ ಹಂಪಿಗೆ ಹೋದರು. ಕಲ್ಲಿನ ಮೇಲಿನ ಬರಹವನ್ನು ಕಣ್ಣಿನಿಂದ ಓದಿ ಕೈಯಿಂದ ನಕಲು ಮಾಡುವುದು ಅಂದಿನ ಪಾಠ. ವಿರೂಪಾಕ್ಷನಿಗೆ ಕೈಮುಗಿದು, ಹೊಳೆಯ ದಂಡೆಗುಂಟ ನಡೆದು, ಜನ ಹೆಚ್ಚು ಬಾರದ ಒಂದು ಸಣ್ಣ ಮಂಟಪ ಸೇರಿದರು. ಹೊಸ್ತಿಲಾಚೆ ನೆಲಗಲ್ಲಿನ ಮೇಲೆ ಉದ್ದಕ್ಕೆ ಅಡ್ಡಬಿದ್ದ ಒಬ್ಬ ಭಕ್ತನ ಆಕೃತಿ, ಅದರ ಕೆಳಗೆ ಸವೆದ ನಾಲ್ಕು ಅಕ್ಷರ. ಯಲ್ಲೇಶ್ ಕಾಲು ಎತ್ತಿದವನು ಹಾಗೇ ನಿಂತ.

“ಅಕ್ಷರ ತುಳದಂಗ ಆಗ್ತೈತಲ್ರೀ ಸರ್.”

“ತುಳೀಲಿ ಅಂತನೇ ಬರೆಸಿದಾನಪ್ಪ. ಬರೋ ಭಕ್ತರ ಪಾದದ ಧೂಳಿ ತನ್ನ ಹೆಸರಿನ ಮ್ಯಾಲೆ ಬೀಳಲಿ ಅಂತ.”

ಕೊಟ್ರಬಸಮ್ಮ ಕಲ್ಲಿನ ಪಕ್ಕ ಕೂತು ಬೆರಳಾಡಿಸಿದಳು. ಚೀಲ ತುಂಬುವವರ ಅಂಗಾಲುಗಳು ಕಣ್ಣ ಮುಂದೆ ಬಂದವು. ಗೋಪೀನಾಥರು ಬಗ್ಗಿ, ಅಕ್ಷರದ ಅಂಚಿನಲ್ಲಿ ಚಾಣ ಜಾರಿದ ಗೀರೊಂದನ್ನು ತೋರಿಸಿದರು.

“ಈ ಗೀರು ನೋಡ್ರಿ, ನಮ್ಮ ಕಡೆ ಓಡ್ಯದ. ಚಾಣ ಜಾರಿದ್ರೆ ಕೆತ್ತೋನಿಂದ ದೂರಕ್ಕ ಓಡ್ತದ. ಕೆತ್ತಿದಾತ ನಮ್ಮ ಕಡೆ ಕೂತಿದ್ರೆ ಹಿಂಗ ಜಾರ್ತಿರಲಿಲ್ಲ. ಆತ ಆ ಕಡೆ ಕೂತಿದ್ದ, ನಮಗ ಎದುರಾಗಿ. ನಮಗ ನೆಟ್ಟಗ ಕಾಣೋದು ಆತಗ ತಲೆಕೆಳಗ.”

“ಅದೇನು ದೊಡ್ಡದಲ್ಲ ಬಿಡ್ರಿ ಸರ್,” ಎಂದ ಯಲ್ಲೇಶ್. “ಗ್ಯಾರೇಜಿನಾಗ ಲಾರಿ ಮೂತಿ ಗ್ವಾಡಿಗೆ ತಾಗಿಸಿ ನಿಲ್ಸಿರ್ತಾರ. ಬಾನೆಟ್ ಮ್ಯಾಗ ಬೋರಲ ಬಿದ್ದು ನಾನೂ ತಲಿಕೆಳಗಽ ನಂಬರು ಬರೀತೀನಿ. ಆದ್ರ ದೂರಿಂದು ಮೊದ್ಲು ಬರೀಬೇಕ್ರಿ. ಹತ್ರದ್ದು ಮೊದ್ಲು ಬರದ್ರ ಅಂಗಿಗೆ ಒರಸ್ತೈತಿ. ಅದಕ್ಕಽ ನನ್ನ ನಂಬರಿಗೆ ಕೆಳಗ ದಪ್ಪ, ಮ್ಯಾಲ ತೆಳ್ಳಗ. ಬ್ರಷ್‌ನ್ಯಾಗ ಬಣ್ಣ ಇರೂದು ಮೊದ್ಲಿಗಲ್ಲೇನ್ರಿ?”

ಎಲ್ಲರೂ ನಕ್ಕರು. ಕೊಟ್ರಬಸಮ್ಮ ಕಲ್ಲಿನ ಮೇಲಿಟ್ಟ ಕೈಯನ್ನು ಎತ್ತಲಿಲ್ಲ.

ಇಷ್ಟು ದಿನ ಆಕೆ ನೆನೆದದ್ದು ಅಕ್ಷರವನ್ನು. ಆ ಅಕ್ಷರದ ಆಚೆ ಇದ್ದದ್ದನ್ನು ನೆನೆದಿರಲಿಲ್ಲ. ಈಗ ಅದೂ ಬಂತು. ಬೂದಿ ಇಳಿಯುವ ಬೆರಳು, ಬಗ್ಗಿದ ಬೈತಲೆ, ಮೂಗಿನ ತುದಿಯ ಬೆವರು, ಕೊನೆಗೆ ತಲೆ ಎತ್ತಿದ ಅವ್ವನ ಮುಖ. ಮುಖ ಕಂಡದ್ದಾದರೂ ಹೇಗೆ? ತಾನು ಖಾಲಿ ಚೀಲಗಳ ಮೇಲೆ ರಾಶಿಗೆ ಎದುರಾಗಿ ಕೂತಿರುತ್ತಿದ್ದಳು. ಅವ್ವ ತನ್ನ ಕಡೆ ಇದ್ದಿದ್ದರೆ ಬೆನ್ನು ಕಾಣಬೇಕಿತ್ತು. ಅವ್ವ ರಾಶಿಗೆ ಬೆನ್ನು ಮಾಡಿ, ಆಚೆಯಿಂದ ಬರೆಯುತ್ತಿದ್ದಳು.

ಮರುದಿನ ಸೋಮವಾರ. ಕೊಟ್ರಬಸಮ್ಮ ಹಾಳೆ, ಲೇಖನಿ ಏನನ್ನೂ ಒಯ್ಯದೆ ಮೆಟ್ರಿಯ ಬಸ್ಸು ಹತ್ತಿದಳು.

ಮಾವ ಕಟ್ಟೆಯ ಮೇಲೆ ಕೂತಿದ್ದರು. “ಇವತ್ತೇನು ಬರಿಗೈಲೆ ಬಂದಿ?”

“ತ್ರಿವೇಣಿ, ಒಂದಿಷ್ಟು ಬೂದಿ ಕೊಡವಾ.”

“ಗ್ಯಾಸಿನ ಮನ್ಯಾಗ ಬೂದಿ ಕೇಳ್ತೀಯಲ್ಲ ಅತ್ತಿ! ನೀರೊಲಿಯಾಗ ಇದ್ರ ಇದ್ದೀತು, ತಡಿ.”

ಸ್ನಾನದ ನೀರೊಲೆಯಲ್ಲಿ ಸಿಕ್ಕಿತು. ಕೊಟ್ರಬಸಮ್ಮ ಅದನ್ನು ಹಳೆಯ ಪಂಚೆಯಲ್ಲಿ ಸೋಸಿದಳು. ಅಂಗಳಕ್ಕೆ ನೀರು ಚಿಮುಕಿಸಿ, ಆರುವವರೆಗೆ ಕಾದಳು. ಆಮೇಲೆ ಕಟ್ಟೆಯ ಕಡೆ ಹೋಗದೆ, ಎದುರಿನ ಗೋಡೆಗೆ ಬೆನ್ನು ಮಾಡಿ ನಿಂತಳು. ಮಾವನಿಗೆ ಎದುರಾಗಿ. ಅವರ ಕೈ ಊರುಗೋಲಿನ ಮೇಲೆ ಬಿಗಿಯಾಯಿತು.

ಸೆರಗು ಸಿಕ್ಕಿಸಿ, ಮುಷ್ಟಿ ತುಂಬ ಬೂದಿ ಹಿಡಿದು ಬಗ್ಗಿದಳು. ತನ್ನಿಂದ ಎಲ್ಲಕ್ಕಿಂತ ದೂರದ್ದು ಒತ್ತಿನ ಬಾಲ. ಅಲ್ಲಿಂದಲೇ ಶುರು ಮಾಡಿದಳು. ತುಂಬಿದ ಕೈಯಿಂದ ಬೂದಿ ಧಾರಾಳವಾಗಿ ಬಿತ್ತು. ಬಾಲ ದಪ್ಪಗೆ, ತೊಟ್ಟಿಲಿನಂತೆ ನೆಲ ಹಿಡಿದು ಕೂತಿತು. ಅಲ್ಲಿಂದ ತನ್ನ ಕಡೆಗೆ ಎಳೆಯುತ್ತ ಬಂದಳು. ಎರಡು ವರ್ಷ ಬಿದಿರಿನ ಲೇಖನಿ ಹಿಡಿದು ಪಳಗಿದ ಕೈಗೆ ಈ ದಾರಿ ಗೊತ್ತಿರಲಿಲ್ಲ. ಸೀರೆಯ ಅಂಚು ತಾಗೀತೆಂದು ಅರ್ಧ ಹೆಜ್ಜೆ ಹಿಂದೆ ಸರಿದಳು. ಅಕ್ಷರದ ತಲೆಯ ಸುಳಿಗೆ ಬರುವಷ್ಟರಲ್ಲಿ ಮುಷ್ಟಿ ಬರಿದಾಗುತ್ತ ಬಂದಿತ್ತು. ಕೊನೆಯ ಗೆರೆ ದಾರದ ಎಳೆಯಷ್ಟು ಸಣ್ಣಗೆ ಇಳಿದು ನಿಂತಿತು.

ಬರೆದದ್ದನ್ನು ನೋಡಿದಳು. ಏನೂ ತಿಳಿಯಲಿಲ್ಲ. ಆಕೆ ನಿಂತ ಕಡೆಯಿಂದ ಅದು ಅಕ್ಷರದಂತೆ ಕಾಣುತ್ತಲೇ ಇರಲಿಲ್ಲ, ಒಂದು ಬೂದಿಯ ಬಳ್ಳಿಯಾಗಿತ್ತು. ಸರಿ ಬಂತೋ ಇಲ್ಲವೋ ತಿಳಿಯಲು ಎದುರಿನ ಮುಖವನ್ನೇ ನೋಡಬೇಕಿತ್ತು. ತಲೆ ಎತ್ತಿದಳು.

ಮರುಳಸಿದ್ದಪ್ಪನವರು ಅಕ್ಷರಕ್ಕೆ ತಾಗದಂತೆ ಕಾಲೆರಡನ್ನೂ ಕಟ್ಟೆಯ ಮೇಲಕ್ಕೆ ಎಳೆದುಕೊಂಡಿದ್ದರು.

“ಹೌದವಾ,” ಎಂದರು. “ಇದಽ.”

ಆಮೇಲೆ ಅವರೇ ಮಾತು ತೆಗೆದರು. “ಮಠದ ಅಯ್ಯನೋರು ನನಗ ಉಸುಕಿನಾಗ ಶ್ರೀ ತಿದ್ದಸ್ತಿದ್ರು. ಅಕ್ಕಗ ಕಲಸೋ ಮಾತಽ ಇದ್ದಿಲ್ಲ. ಎದುರಿಗೆ ಕುಂತು ಅಕ್ಕಿ ಕೇರತಿದ್ಲು. ಕೇರತಾ ಕೇರತಾ ನನ್ನ ಕೈ ನೋಡಿ, ಮೊರದಾಗಿನ ನುಚ್ಚಿನ ಮ್ಯಾಗ ಬೆರಳಿಲೆ ಬರದ್ಲು. ಅಕಿ ಕಂಡಿದ್ದು ಎದುರಿಂದ. ತಲಿಕೆಳಗಽ ಬರದ್ಲು. ನಾ ಸಣ್ಣಾಂವ, ಓಣಿ ಹುಡುಗರನ್ನೆಲ್ಲ ಕರದು ತೋರಿಸಿ ನಕ್ಕೆ.” ಅವರ ಧ್ವನಿ ಕುಗ್ಗಿತು. “ಅಕ್ಕ ಅತ್ತಳು. ‘ಇನ್ನ ಯಾರಿಗೂ ಹೇಳಬ್ಯಾಡಪಾ, ಶಿವನಾಣಿ ಮಾಡು’ ಅಂದ್ಲು. ಆಣಿ ಮಾಡಿದೆ. ಅದಕ್ಕಽ ಬಸವ್ವ, ಅಲ್ಲ ಅಂತ ಅಂದೆ, ಹೆಂಗ ಅಂತ ಹೇಳಲಿಲ್ಲ. ಈಗ ನೀನಽ ಅಕಿ ಜಾಗಾದಾಗ ಹೋಗಿ ನಿಂತಿ.”

ಕೊಟ್ರಬಸಮ್ಮನಿಗೆ ಆಗ ನೆನಪಾಯಿತು. ಬರೆದು ಮುಗಿಸಿ ಅವ್ವ ತಲೆ ಎತ್ತಿ ನೋಡುತ್ತಿದ್ದದ್ದು ತನ್ನನ್ನು. ತಾನು ಆಗ ಎರಡನೇ ಇಯತ್ತೆ, ಓದಲು ಬರುತ್ತಿತ್ತು. ಒಮ್ಮೆ ನಕ್ಕಿದ್ದ ಮಾವನನ್ನು ಬಿಟ್ಟರೆ, ಆ ಕಣದಲ್ಲಿ ಆ ಅಕ್ಷರವನ್ನು ನೆಟ್ಟಗೆ ಕಾಣುವ ಕಡೆ ಕೂತು ಓದಬಲ್ಲವಳು ತಾನೊಬ್ಬಳೇ. ‘ಸರಿ ಐತೇನವ್ವಾ?’ ಎಂದು ಅವ್ವ ಬಾಯಿಬಿಟ್ಟು ಕೇಳಿದ್ದಳೋ, ಬರಿಯ ಕಣ್ಣಲ್ಲಿ ಕೇಳಿದ್ದಳೋ. ತಾನು ಏನು ಹೇಳಿದ್ದೆ? ಹೌದು ಎಂದಿದ್ದೆನೇ? ಕೊಬ್ಬರಿ ಬೆಲ್ಲ ಹಂಚುತ್ತಾರೆಂದು ಎದ್ದು ಓಡಿದ್ದೆನೇ? ಎಷ್ಟು ಹುಡುಕಿದರೂ ಅದು ಬರಲಿಲ್ಲ. ಅವ್ವನ ಮುಖ ಮಾತ್ರ ಎದುರಿಗಿತ್ತು, ಕಾಯುತ್ತ.

ತ್ರಿವೇಣಿ ಮೊಬೈಲು ಹಿಡಿದು ಹೊರಗೆ ಬಂದಳು. “ಏ ಅತ್ತಿ, ಎಷ್ಟ್ ಮಸ್ತ್ ಬಂದೈತಿ! ಅಲ್ಲಿಂದ ನಿನಗೇನು ಕಾಣ್ತೈತಿ, ಈ ಕಡಿ ಬಂದು ನೋಡಬಾರದಾ?”

“ಬರ್ತೀನಿ.”

“ಗಾಳಿ ಎದ್ದೈತಿ, ಹಾರಿ ಹೋಗ್ತೈತಿ. ಜಲ್ದಿ ಬಾ.”

“ಬರ್ತೀನಿ ತಡೀ ಅಂದ್ನಲ್ಲ,” ಎಂದಳು ಕೊಟ್ರಬಸಮ್ಮ. ಬೂದಿಯ ಕೈಯನ್ನು ಒರೆಸಿಕೊಳ್ಳದೆ, ಗೋಡೆಗೆ ಬೆನ್ನು ಮಾಡಿ, ಅಲ್ಲೇ ನಿಂತಿದ್ದಳು. “ಇನ್ನೊಂದ್ ಸ್ವಲ್ಪ ಈ ಕಡೀನಽ ಇರ್ತೀನಿ.”