ಚಾದರದ ಆಚೆ ತುದಿ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು, ಬಿಸಿಲು ಇನ್ನೂ ನೆತ್ತಿಗೇರಿರಲಿಲ್ಲ. ಹೋಟೆಲುಗಳ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಆಗಲೇ ಉಗಿ ತುಂಬಿತ್ತು. ನಾನು ಇಸ್ತ್ರಿ ಮೇಜಿನವಳು. ನನ್ನೆದುರು ನನ್ನ ಸೊಸೆಯೂ, ಎಲ್ಲರೂ ಮೆತ್ತಗಮ್ಮ ಎಂದು ಕರೆಯುತ್ತಿದ್ದ ಅವಳ ಜೊತೆಗಾತಿಯೂ ಚಾದರ ಮಡಿಸುತ್ತಿದ್ದರು. ದೊಡ್ಡ ಚಾದರ ಒಬ್ಬರಿಂದ ಆಗುವುದಲ್ಲ. ಆಚೆ ತುದಿ ಒಬ್ಬಳು, ಈಚೆ ತುದಿ ಒಬ್ಬಳು ಹಿಡಿದು, ಒಟ್ಟಿಗೇ ಕೈ ಎತ್ತಿ ಕೊಡವಬೇಕು.

ಹಿಂದಿನ ವಾರ ಲಾಂಡ್ರಿಯಲ್ಲಿ ದುಡಿಯುವ ನಮ್ಮ ಬೀದಿಯ ಹೆಂಗಸರೆಲ್ಲ ಆಸ್ಪತ್ರೆಗೆ ಹೋಗಿ, ಗಂಟೇನಾದರೂ ಇದೆಯೇ ಎಂದು ಯಂತ್ರದಲ್ಲಿ ಒತ್ತಿ ನೋಡುವ ಎದೆಯ ತಪಾಸಣೆ ಮಾಡಿಸಿಕೊಂಡು ಬಂದಿದ್ದೆವು. ಹೊರಡಿಸಿದವಳು ನನ್ನ ಸೊಸೆಯೇ. ಬಾಯಿ ಜೋರು, ಮನಸ್ಸು ಬೆಣ್ಣೆ. ಒಬ್ಬಳೇ ಹೋದರೆ ತಾನೆ ಜನ ಆಡಿಕೊಳ್ಳುವುದು, ಹಿಂಡಾಗಿ ಹೋದರೆ ಯಾರನ್ನೆಂದು ಆಡಿಕೊಳ್ಳುತ್ತಾರೆ ಎಂದು ಮನೆಮನೆಗೂ ಹೇಳಿ ಬಂದಿದ್ದಳು.

ಆ ಬೆಳಿಗ್ಗೆ ಎಲ್ಲರಿಗೂ ಆಸ್ಪತ್ರೆಯಿಂದ ಫೋನು ಬಂದಿತ್ತು. ಏನೂ ಇಲ್ಲವಂತೆ ಎಂದು ಒಬ್ಬಳು, ಏನೂ ಇಲ್ಲದ್ದಕ್ಕೆ ಆ ಯಂತ್ರ ನನ್ನನ್ನು ಇಸ್ತ್ರಿ ಮಾಡಿಬಿಟ್ಟಿತು ಎಂದು ಇನ್ನೊಬ್ಬಳು. ನಗು ಮೇಜಿನಿಂದ ಮೇಜಿಗೆ ಹರಿಯಿತು. ಸೊಸೆ ಚಾದರದ ಮೇಲಿಂದ ಇಣುಕಿ ಕೇಳಿದಳು.

"ನಿಂದೇನೇ ಮೆತ್ತಗಮ್ಮ? ನಿಂಗೂ ಏನಿಲ್ಲ ತಾನೆ?"

"ಹೂಂ, ನಂಗೂ ಏನಿಲ್ವಂತೆ," ಎಂದು ಮೆತ್ತಗಮ್ಮ ಅಂಚು ನೇರ ಮಾಡಿಕೊಂಡಳು.

ಮಳೆ ಹಿಡಿಯುವ ಹೊತ್ತಿಗೆ ಮೆತ್ತಗಮ್ಮ ಹಿಡಿದ ಚಾದರದ ತುದಿ ಜೋಲತೊಡಗಿತು. ಬಲಗೈ ಹೆಗಲಿಂದ ಮೇಲೆ ಏಳುತ್ತಿರಲಿಲ್ಲ. ಮಹಾರಾಣಿಯವರಿಗೆ ದಾಸಿಯರನ್ನು ಕರೆಸಲೇ ಎಂದು ಸೊಸೆ ಛೇಡಿಸುವಳು, ಅವಳೂ ನಗುವಳು. ಒಂದು ದಿನ ಒಗೆದ ಚಾದರ ಅವಳ ಕೈಜಾರಿ ಒದ್ದೆ ನೆಲಕ್ಕೆ ಬಿತ್ತು. ಸೊಸೆ ರೇಗಿ ಅವಳ ತೋಳು ಹಿಡಿದೆಳೆದಳು. ಮೆತ್ತಗಮ್ಮ ನೋವಿಗೆ ಮುದುಡಿ ಬಟ್ಟೆಗಂಟಿನ ಮೇಲೆ ಕುಸಿದಳು. ಆಗ ಹೊರಬಿತ್ತು ಮಾತು. ಅವಳಿಗೆ ಫೋನಿನಲ್ಲಿ ಹೇಳಿದ್ದು ಬೇರೆ: ಇನ್ನೊಂದು ಪರೀಕ್ಷೆ ಆಗಬೇಕು, ಬೇಗ ಬನ್ನಿ ಎಂದು.

"ಮತ್ಯಾಕೆ ಹೇಳ್ಲಿಲ್ಲ?" ಸೊಸೆ ತೋಳು ಬಿಟ್ಟು ಅವಳ ಪಕ್ಕ ಕುಳಿತು ಕೇಳಿದಳು.

"ಎಲ್ರೂ ನಗ್ತಾ ಇದ್ರಿ. ನಾನೊಬ್ಳೇ ಹೇಗೆ ಹೇಳ್ಲಿ? ಒಂದ್ಸಲ ಇಲ್ಲ ಅಂದ್ಮೇಲೆ ಆಸ್ಪತ್ರೆಗೆ ಹೋದ್ರೆ, ಯಾಕೆ ಹೋದೆ ಅಂತ ನೀವೇ ಕೇಳ್ತಿದ್ರಿ."

ಅವತ್ತು ಮನೆಯಲ್ಲಿ ಸೊಸೆ ತಟ್ಟೆ ಮುಟ್ಟಲಿಲ್ಲ.

"ಅತ್ತೆ, ಕೇಳಿದ್ದೂ ನಾನೇ. ಏನಿಲ್ಲ ತಾನೆ ಅಂತ ಉತ್ತರಾನೂ ಹೇಳ್ಕೊಟ್ಟಿದ್ದು ನಾನೇ."

ಅವಳ ತಟ್ಟೆಯ ಪಕ್ಕ ನನ್ನದನ್ನೂ ಸರಿಸಿಟ್ಟೆ. ನಕ್ಕವರಲ್ಲಿ ನಾನೂ ಇದ್ದೆನಲ್ಲ.

ಮರುದಿನ ಸೊಸೆ ಲಾಂಡ್ರಿಯ ಯಜಮಾನನ ಬಳಿ ತನಗೂ ಮೆತ್ತಗಮ್ಮನಿಗೂ ರಜೆ ಕೇಳಿದಳು. ಒಗೆಯುವವರೂ ಮಡಿಸುವವರೂ ಸುತ್ತ ನಿಂತಿದ್ದರು. ಯಾಕೆ ಎಂದು ಯಜಮಾನ ಕೇಳಿದ. ಯಾವತ್ತೂ ಎಲ್ಲರಿಗೂ ಮುಂದಾಗಿ ಮಾತಾಡುವ ನನ್ನ ಸೊಸೆ ಅಂದು ತುಟಿ ಬಿಗಿಹಿಡಿದು ಮೆತ್ತಗಮ್ಮನ ಮುಖ ನೋಡಿದಳು. ಅವಳು ಹೇಳುವವರೆಗೂ ಕಾದಳು.

"ನನ್ನೆದೇಲಿ ಗಂಟಿದೆ. ತೋರ್ಸೋಕೆ ಹೋಗ್ತಿದೀವಿ," ಎಂದಳು ಮೆತ್ತಗಮ್ಮ.

ಯಾರೂ ನಗಲಿಲ್ಲ. ತಡವಾಗಿದೆಯೋ ಇಲ್ಲವೋ, ಅದನ್ನು ಡಾಕ್ಟರೇ ಹೇಳಬೇಕಿತ್ತು. ಸೊಸೆ ಇಬ್ಬರ ಚೀಲಗಳನ್ನೂ ತನ್ನ ಹೆಗಲಿಗೇ ಹಾಕಿಕೊಂಡಳು. ಇಬ್ಬರೂ ಆಸ್ಪತ್ರೆಗೆ ಹೊರಟರು.